ಪಿತ್ತಕೋಶದ ಕಲ್ಲು, ಕ್ಯಾನ್ಸರ್ ಮತ್ತು ನಮ್ಮ ದಿನಚರಿ

ಹೊಟ್ಟೆನೋವು ಅಂತ ಸ್ಕ್ಯಾನಿಂಗ್ ಮಾಡಿಸಿದವರ ರಿಪೋರ್ಟ್‌ನಲ್ಲಿ ಗಾಲ್ ಬ್ಲಾಡರ್‌ನಲ್ಲಿ ಕಲ್ಲಿದೆ ಎಂಬ ಸಾಲು ಆಗಾಗ ಕಾಣುತ್ತದೆ. ಎಷ್ಟು ಕಲ್ಲು, ಎಷ್ಟು ಮಿಲಿಮೀಟರ್ ಎಂಬುದೂ ಪಕ್ಕದಲ್ಲೇ ಇರುತ್ತದೆ. ತುಮಕೂರಿರಲಿ, ಕೋಲಾರವಿರಲಿ, ಚಿಕ್ಕಬಳ್ಳಾಪುರವಿರಲಿ, ಆ ಸಾಲು ಓದಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಎರಡೇ. ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಏನು ತಿಂದಿದ್ದಕ್ಕೆ ಇದು ಬಂತು?

ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಸಿಗುವ ಉತ್ತರಗಳು ಹೆಚ್ಚಾಗಿ ತಪ್ಪು. ಟೊಮ್ಯಾಟೊ ಬೀಜ ತಿನ್ನಬೇಡಿ ಅಂತಾರೆ. ಬೋರ್‌ವೆಲ್ ನೀರು ಬಿಡಿ ಅಂತಾರೆ. ಬಾಳೆದಿಂಡಿನ ರಸ ಕುಡಿದರೆ ಕಲ್ಲು ಕರಗುತ್ತದೆ ಅಂತಾರೆ. ಇವೆಲ್ಲ ಕಿಡ್ನಿ ಕಲ್ಲಿನ ಮಾತುಗಳು. ಪಿತ್ತಕೋಶದ ಕಲ್ಲು ಬೇರೆ ಜಾಗದಲ್ಲಿ, ಬೇರೆ ವಸ್ತುವಿನಿಂದ ಆಗುವಂಥದ್ದು. ಅದು ಬಾಳೆದಿಂಡಿನ ರಸಕ್ಕೆ ಕರಗುವುದಿಲ್ಲ.

ಜಾಗದಿಂದಲೇ ಶುರು ಮಾಡೋಣ. ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರ್ ಇದೆ. ಅದು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ತಿಂದ ಎಣ್ಣೆ, ತುಪ್ಪ, ಕೊಬ್ಬು ಅರಗಬೇಕಾದರೆ ಈ ರಸ ಬೇಕು. ಲಿವರ್ ಒಳಗಿನ ಸಣ್ಣ ಸಣ್ಣ ನಾಳಗಳು ಒಂದಕ್ಕೊಂದು ಕೂಡಿ, ಹೊರಗೆ ಒಂದೇ ಪಿತ್ತನಾಳವಾಗಿ, ಸಣ್ಣ ಕರುಳಿಗೆ ಹೋಗಿ ಸೇರುತ್ತವೆ. ದಾರಿಯಲ್ಲಿ ಪಕ್ಕಕ್ಕೆ ಒಂದು ಚಿಕ್ಕ ಚೀಲ ಜೋತುಬಿದ್ದಿದೆ. ಅದೇ ಪಿತ್ತಕೋಶ. ಹೊಟ್ಟೆ ಖಾಲಿ ಇರುವಾಗ ರಸ ಬಂದು ಇಲ್ಲಿ ನಿಲ್ಲುತ್ತದೆ. ನಿಂತಷ್ಟು ಹೊತ್ತೂ ಅದರ ನೀರಿನಂಶ ಹೀರಿಹೋಗಿ ಗಟ್ಟಿಯಾಗುತ್ತಾ ಬರುತ್ತದೆ. ಊಟ ಒಳಗೆ ಹೋದಾಗ ಚೀಲ ಕುಗ್ಗಿ ರಸವನ್ನು ಕರುಳಿಗೆ ಬಿಡುತ್ತದೆ.

ಈ ದಾರಿಯಲ್ಲಿ ಎಲ್ಲೇ ಹುಟ್ಟಿದರೂ ಅದು ಪಿತ್ತನಾಳದ ಗುಂಪಿನ ಕ್ಯಾನ್ಸರ್. ಚೀಲದ್ದು ಒಂದು, ಲಿವರ್ ಒಳಗಿನ ನಾಳದ್ದು ಒಂದು, ಹೊರಗಿನ ನಾಳದ್ದು ಇನ್ನೊಂದು, ನಾಳ ಕರುಳಿಗೆ ಸೇರುವ ಬಾಯಿಯದು ಮತ್ತೊಂದು. ಎಲ್ಲದಕ್ಕೂ ಕಾರಣ ಒಂದೇ ಅಲ್ಲ. ಚೀಲದ ಕ್ಯಾನ್ಸರಿಗೆ ಕಲ್ಲಿನ ನಂಟು ಜಾಸ್ತಿ. ಲಿವರ್ ಒಳಗಿನ ನಾಳದ ಕ್ಯಾನ್ಸರಿಗೆ ಲಿವರಿಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕುಡಿತ ಮತ್ತು ಅದರಿಂದಾಗುವ ಸಿರೋಸಿಸ್ (ಲಿವರ್ ಗಡುಸಾಗುವ ಕಾಯಿಲೆ), ಇವುಗಳ ನಂಟು ಜಾಸ್ತಿ.

ಅಪರೂಪದ ಕಾಯಿಲೆ ಇದು. 2022ರಲ್ಲಿ ಇಡೀ ಜಗತ್ತಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 1.2 ಲಕ್ಷ ಜನ. ನಮ್ಮ ದೇಶದಲ್ಲಿ ಇದು ಗಂಗಾ ನದಿಯ ಬಯಲಿನಲ್ಲಿ, ಅಸ್ಸಾಂನಲ್ಲಿ ಜಾಸ್ತಿ. ಉತ್ತರ ಪ್ರದೇಶ, ಬಿಹಾರದ ಆಸ್ಪತ್ರೆಗಳಲ್ಲಿ ಇದು ದಿನನಿತ್ಯ ನೋಡುವ ಕ್ಯಾನ್ಸರ್. ದಕ್ಷಿಣದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಹೆಂಗಸರಿಗೆ ಗಂಡಸರ ಎರಡು ಮೂರು ಪಟ್ಟು ಬರುತ್ತದೆ. ಕಡಿಮೆ ಇದ್ದರೂ ನಾವು ಇದರ ಬಗ್ಗೆ ಮಾತಾಡಬೇಕು. ಬಹಳ ಜನರಿಗೆ ಇದು ಗೊತ್ತಾಗುವುದು ತಡವಾಗಿ, ಆಪರೇಷನ್ ಮಾಡುವ ಹಂತ ದಾಟಿದ ಮೇಲೆ.

ನಡುವೆ ಇರುವ ಮೆಟ್ಟಿಲು

ಅಭ್ಯಾಸ ನೇರವಾಗಿ ಕ್ಯಾನ್ಸರ್ ತಂದುಬಿಡುವುದಿಲ್ಲ. ನಡುವೆ ಒಂದು ಮೆಟ್ಟಿಲಿದೆ. ವರ್ಷಗಟ್ಟಲೆ ಆರದೆ ಉಳಿಯುವ ಉರಿಯೂತವೇ ಆ ಮೆಟ್ಟಿಲು. ಇಷ್ಟು ಅರ್ಥವಾದರೆ ಮಿಕ್ಕ ವಿಷಯವೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ಬಿಗಿಯಾದ ಚಪ್ಪಲಿ ದಿನಾ ಒಂದೇ ಕಡೆ ಉಜ್ಜಿದರೆ ಏನಾಗುತ್ತದೆ? ಚರ್ಮ ಕಿತ್ತುಬರುತ್ತದೆ, ಕೂಡುತ್ತದೆ, ಮತ್ತೆ ಕಿತ್ತುಬರುತ್ತದೆ. ಪಿತ್ತಕೋಶದ ಒಳಪದರಕ್ಕೂ ಹೀಗೇ ಆಗುತ್ತದೆ. ಕಲ್ಲು ಉಜ್ಜುತ್ತದೆ, ಸೋಂಕು ಕೆಣಕುತ್ತದೆ, ಪದರ ಹಾಳಾಗುತ್ತದೆ. ದೇಹ ಹೊಸ ಜೀವಕೋಶ ಹುಟ್ಟಿಸಿ ಅದನ್ನು ಸರಿಮಾಡುತ್ತದೆ. ಪ್ರತಿ ಸಲ ಜೀವಕೋಶ ಒಡೆದು ಎರಡಾಗುವಾಗ ಒಳಗಿನ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ತಪ್ಪು ನುಸುಳುತ್ತದೆ. ಹೆಚ್ಚಿನ ತಪ್ಪುಗಳನ್ನು ದೇಹವೇ ತಿದ್ದಿಕೊಳ್ಳುತ್ತದೆ. ಒಂದೆರಡು ದಶಕ ಈ ರಿಪೇರಿ ಕೆಲಸ ನಿಲ್ಲದೇ ಇದ್ದರೆ ತಿದ್ದದೆ ಉಳಿದ ತಪ್ಪುಗಳು ಗುಡ್ಡೆಯಾಗುತ್ತವೆ.

ಹಾಗಾಗಿ 'ನಾನು ಏನು ತಿಂದೆ' ಎಂದು ಕೇಳುವುದಕ್ಕಿಂತ 'ನನ್ನ ಯಾವ ಅಭ್ಯಾಸ ಈ ಉರಿಯೂತವನ್ನು ಸಾಕುತ್ತಿದೆ' ಎಂದು ಕೇಳುವುದು ಸರಿ. ಕಲ್ಲು ಬೆಳೆಸುವ ಅಭ್ಯಾಸ, ಸೋಂಕು ಉಳಿಸುವ ಅಭ್ಯಾಸ, ಲಿವರ್ ಕೆಡಿಸುವ ಅಭ್ಯಾಸ, ಈ ಮೂರು ಕಡೆಯಿಂದ ನೋಡಿದರೆ ಸಾಕು.

ಅದಕ್ಕೂ ಮುಂಚೆ ಒಂದು ಲೆಕ್ಕ ಸರಿಯಾಗಬೇಕು. ಪಿತ್ತಕೋಶದ ಕ್ಯಾನ್ಸರ್ ಬಂದ 100 ಜನರನ್ನು ನೋಡಿದರೆ 70ರಿಂದ 90 ಜನರಲ್ಲಿ ಕಲ್ಲೂ ಇರುತ್ತದೆ. ಇದನ್ನು ಓದಿದವರು ಕಲ್ಲಿದ್ದರೆ ಕ್ಯಾನ್ಸರ್ ಗ್ಯಾರಂಟಿ ಎಂದು ಹೆದರುತ್ತಾರೆ. ಲೆಕ್ಕವನ್ನು ಆ ಕಡೆಯಿಂದ ನೋಡಿ. ಕಲ್ಲಿರುವ 100 ಜನರಲ್ಲಿ ಕ್ಯಾನ್ಸರ್ ಆಗುವುದು ಒಬ್ಬರಿಗೋ ಇಬ್ಬರಿಗೋ. ಬಹುತೇಕ ಜನ ಕಲ್ಲು ಇಟ್ಟುಕೊಂಡೇ ಪೂರ್ತಿ ಆಯಸ್ಸು ಬದುಕುತ್ತಾರೆ. ಎರಡೂ ಅಂಕಿ ನಿಜ, ಒಂದನ್ನೇ ಹಿಡಿದುಕೊಂಡರೆ ಮೋಸ.

ಎಲ್ಲ ಕಲ್ಲೂ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. 3 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿದ್ದರೆ ಅಪಾಯ ಸಣ್ಣ ಕಲ್ಲಿನವರಿಗಿಂತ ಬಹಳ ಜಾಸ್ತಿ, 1 ಸೆಂಟಿಮೀಟರ್‌ಗಿಂತ ಚಿಕ್ಕ ಕಲ್ಲಿನವರ ಸುಮಾರು 10 ಪಟ್ಟು ಎಂದು ಅಧ್ಯಯನದಲ್ಲಿ ಕಂಡಿದೆ. 1 ಸೆಂಟಿಮೀಟರ್ ಮೀರಿದ ಪಾಲಿಪ್ (ಒಳಪದರದಿಂದ ಎದ್ದ ಸಣ್ಣ ಮಾಂಸದ ಗಂಟು) ಇದ್ದರೆ, ಪಿತ್ತಕೋಶದ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ, ನೋವಿಲ್ಲದಿದ್ದರೂ ಸರ್ಜನ್ ಹತ್ತಿರ ಕೂತು ಮಾತಾಡಬೇಕು. ರಿಪೋರ್ಟ್ ಕೈಗೆ ಬಂದಾಗ ಕಲ್ಲಿನ ಅಳತೆ, ಗೋಡೆಯ ದಪ್ಪ, ಪಾಲಿಪ್ ಇದೆಯೋ ಇಲ್ಲವೋ, ಇಷ್ಟನ್ನು ಕೇಳಿ ತಿಳಿದುಕೊಳ್ಳಿ.

ಕಲ್ಲು ಬೆಳೆಸುವ ಅಭ್ಯಾಸಗಳು

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಕೆಲಸ ಮಾಡುವ ಹೆಂಗಸರ ದಿನ ಹೇಗಿರುತ್ತದೆ ಅಂತ ಆ ಕಡೆಯವರಿಗೆ ಗೊತ್ತು. ಬೆಳಗ್ಗೆ ಎದ್ದು ಮನೆಗೆಲಸ, ಮಕ್ಕಳ ಬುತ್ತಿ. ತನಗೆ ಒಂದು ಲೋಟ ಟೀ. ಗೂಡು ಬೇಯಿಸುವ ಬಿಸಿನೀರಿನ ಮುಂದೆ ನಿಂತರೆ ಹನ್ನೊಂದರ ತನಕ ಊಟದ ಮಾತಿಲ್ಲ. ರಾತ್ರಿ ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಉಣ್ಣುವುದು. ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸ್ ಹೊರುವ ಹಮಾಲಿಗಳದ್ದೂ, ನಸುಕಿಗೇ ಬಸ್ಸು ಹತ್ತಿ ಬೆಂಗಳೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರದ್ದೂ ಹೆಚ್ಚುಕಡಿಮೆ ಇದೇ ಪಾಡು.

ಹೊಟ್ಟೆ ಹದಿನಾಲ್ಕು ಹದಿನೈದು ಗಂಟೆ ಖಾಲಿ ಇದ್ದರೆ ಪಿತ್ತಕೋಶಕ್ಕೆ ಕುಗ್ಗುವ ಕೆಲಸವೇ ಇರುವುದಿಲ್ಲ. ರಸ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ, ಕೆಳಗೆ ಮಡ್ಡಿ ಕೂರುತ್ತದೆ, ಆ ಮಡ್ಡಿಯೇ ಕಲ್ಲಿಗೆ ಮೂಲವಾಗಬಹುದು. ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ನಡುವೆ ಬಹಳ ಅಂತರ ಬಿಡುವ ಹೆಂಗಸರಲ್ಲಿ ಕಲ್ಲು ಜಾಸ್ತಿ ಎಂದು ಅಧ್ಯಯನ ತೋರಿಸಿದೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ, ಅದು ಹರಳುಗಟ್ಟಿದರೆ ಕಲ್ಲಾಗುತ್ತದೆ. ಬಸುರಿನಲ್ಲಿ ಚೀಲ ಕುಗ್ಗುವುದೂ ನಿಧಾನವಾಗುತ್ತದೆ. ಹೆಚ್ಚು ಹೆರಿಗೆಯಾದವರಲ್ಲಿ ಕಲ್ಲು ಜಾಸ್ತಿ ಆಗಲು ಇದೇ ಕಾರಣ. ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಅಮ್ಮನ ಊಟ ಎಂಬ ಪದ್ಧತಿಗೆ ಇಂಥದೊಂದು ಬೆಲೆ ಇದೆ ಅನ್ನೋದನ್ನು ನಾವು ಯೋಚಿಸಿಯೇ ಇಲ್ಲ. ನನಗೆ ಇದು ಬಹಳ ಕಾಡುವ ವಿಷಯ.

ಎರಡನೆಯದು ತೂಕ. ಮೈ ದಪ್ಪಗಾದಂತೆ ಲಿವರ್ ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬೊಜ್ಜಿನ ನಂಟು ಗಟ್ಟಿಯಾಗಿ ಸಾಬೀತಾದ 13 ಕ್ಯಾನ್ಸರ್‌ಗಳನ್ನು ಹೆಸರಿಸಿತು. ಪಿತ್ತಕೋಶದ ಕ್ಯಾನ್ಸರ್ ಅದರಲ್ಲಿ ಒಂದು. ನಮ್ಮ ದೇಹಕ್ಕೆ ತಕ್ಕಡಿಗಿಂತ ಟೇಪು ಚೆನ್ನಾಗಿ ಸತ್ಯ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹುಷಾರಾಗಬೇಕು.

'ನಾವು ಮುದ್ದೆ ತಿನ್ನೋರು, ನಮಗೇನಾಗುತ್ತೆ' ಎಂಬ ಮಾತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರೂ ಜಿಲ್ಲೆಯಲ್ಲಿ ಕೇಳುತ್ತೇವೆ. ರಾಗಿಯಲ್ಲಿ ನಾರಿದೆ, ಸೊಪ್ಪಿನ ಬಸ್ಸಾರಿನಲ್ಲೂ ಹುರುಳಿಕಾಳಿನಲ್ಲೂ ಇದೆ. ನಾರು ಜಾಸ್ತಿ ತಿನ್ನುವವರಲ್ಲಿ ಕಲ್ಲು ಕಡಿಮೆ, ಅದು ನಿಜ. ಆದರೆ ಮುದ್ದೆ ತಿಂದು ಹೊಲಕ್ಕೆ ನಡೆದುಹೋಗುತ್ತಿದ್ದ ಕಾಲ ಬೇರೆ. ಈಗ ಮುದ್ದೆಯೂ ಇದೆ, ಅದರ ಮೇಲೆ ಅನ್ನವೂ ಇದೆ. ಸಂಜೆ ಬೇಕರಿಯ ಪಫ್ಸು, ಜ್ಯೂಸು. ತೋಟಕ್ಕೆ ಹೋಗಲು ಬೈಕು. ದೇಹದ ಓಡಾಟ ಕಡಿಮೆಯಾದಷ್ಟೂ ಕಲ್ಲಿನ ಸಂಭವ ಹೆಚ್ಚುತ್ತದೆ. ಶುಗರ್ ಬಂದರೆ ಇನ್ನೊಂದು ಏಟು. ಬಹಳ ದಿನದ ಶುಗರ್ ಪಿತ್ತಕೋಶದ ನರಗಳನ್ನು ಮಂಕು ಮಾಡುತ್ತದೆ, ಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಶುಗರ್ ಇರುವವರಲ್ಲಿ ಈ ಗುಂಪಿನ ಕ್ಯಾನ್ಸರ್ ಉಳಿದವರಿಗಿಂತ ಜಾಸ್ತಿ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ತೂಕ ಇಳಿಸಬೇಕು ಅಂತ ಪಟ್ಟು ಹಿಡಿದು ಉಪವಾಸ ಬೀಳುವುದೂ ತಪ್ಪು. ಬಹಳ ಬೇಗ ತೂಕ ಇಳಿದರೆ ಕರಗಿದ ಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೇ ಬರುತ್ತದೆ, ಊಟವಿಲ್ಲದೆ ಚೀಲವೂ ಕುಗ್ಗುವುದಿಲ್ಲ. ಹೊಸ ಕಲ್ಲು ಕಟ್ಟಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ವಾರಕ್ಕೆ ಅರ್ಧ ಕೆಜಿ, ಹೆಚ್ಚೆಂದರೆ ಒಂದು ಕೆಜಿ ಇಳಿದರೆ ಸಾಕು. ಮದುವೆಗೆ ಮುಂಚೆ ಒಂದೇ ತಿಂಗಳಲ್ಲಿ ಸಣ್ಣಗಾಗಲು ಹೊರಟ ಹುಡುಗಿಯರಿಗೆ ಈ ಮಾತು ಯಾರಾದರೂ ಹೇಳಬೇಕು.

ಕಾಫಿ ಕುಡಿಯುವವರಿಗೆ ಒಂದು ಒಳ್ಳೆ ಸುದ್ದಿ ಇದೆ. ದಿನಾ ಕಾಫಿ ಕುಡಿಯುವವರಲ್ಲಿ ಕಲ್ಲಿನ ತೊಂದರೆ ಸ್ವಲ್ಪ ಕಡಿಮೆ ಎಂದು ದೊಡ್ಡ ಅಧ್ಯಯನಗಳು ಹೇಳಿವೆ. ಕಾಫಿ ಚೀಲವನ್ನು ಕುಗ್ಗಿಸುತ್ತದೆ. ಹಾಗಂತ ತಿಂಡಿಯ ಬದಲಿಗೆ ಕಾಫಿ ಆಗುವುದಿಲ್ಲ.

ನೀರಿನ ವಿಷಯ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಯಾವ ಕಾಯಿಲೆ ಬಂದರೂ ಮೊದಲು ಬೆರಳು ತೋರಿಸುವುದು ನೀರಿನ ಕಡೆಗೆ. ಅದಕ್ಕೆ ಕಾರಣವೂ ಇದೆ. ಸಾವಿರ ಅಡಿ ಕೊರೆದು ತೆಗೆದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ದೊಡ್ಡವರ ಬಗ್ಗಿದ ಮಂಡಿ ಇಲ್ಲಿಯ ಜನಕ್ಕೆ ಹೊಸದಲ್ಲ. ಫ್ಲೋರೈಡ್ ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು. ಪಿತ್ತಕೋಶದ ಕ್ಯಾನ್ಸರಿನ ಕಾರಣಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ನೀರು ಗಡುಸು ಅನ್ನೋದಕ್ಕೂ ಪಿತ್ತಕೋಶದ ಕಲ್ಲಿಗೂ ಸಂಬಂಧವಿಲ್ಲ.

ನೀರಿನಲ್ಲಿ ನೋಡಬೇಕಾದ್ದು ಟೈಫಾಯ್ಡ್ ರೋಗಾಣುವನ್ನು. ಚರಂಡಿ ಪಕ್ಕದ ಒಡೆದ ಪೈಪು, ಕೈ ತೊಳೆಯದ ಅಡುಗೆ, ಜಾತ್ರೆಯಲ್ಲಿ ಎಲ್ಲಿಂದಲೋ ತಂದ ನೀರು, ಇವುಗಳ ಮೂಲಕ ಅದು ಬರುತ್ತದೆ. ಜ್ವರ ಬಿಟ್ಟ ಮೇಲೂ ನೂರರಲ್ಲಿ ಕೆಲವರ ಪಿತ್ತಕೋಶದಲ್ಲಿ ಈ ರೋಗಾಣು ವರ್ಷಗಟ್ಟಲೆ ಉಳಿದುಬಿಡುತ್ತದೆ. ಕಲ್ಲಿದ್ದರೆ ಅದರ ಮೇಲೆ ಪದರ ಕಟ್ಟಿಕೊಂಡು ಕೂರುತ್ತದೆ, ಔಷಧಿಗೂ ಬಗ್ಗುವುದಿಲ್ಲ. ಹೀಗೆ ರೋಗಾಣು ಹೊತ್ತವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಸಂಭವ ಹಲವು ಪಟ್ಟು ಹೆಚ್ಚು. ಗಂಗಾ ಬಯಲಿನಲ್ಲಿ ಈ ಕ್ಯಾನ್ಸರ್ ಜಾಸ್ತಿ ಇರಲು ಕಲ್ಲಿನ ಜೊತೆ ಟೈಫಾಯ್ಡ್ ಕೂಡ ಕಾರಣವಿರಬಹುದು ಎಂದು ಸಂಶೋಧಕರು ಬಹಳ ಹಿಂದಿನಿಂದ ನೋಡುತ್ತಿದ್ದಾರೆ. ಟೈಫಾಯ್ಡ್‌ಗೆ ಕೊಟ್ಟ ಮಾತ್ರೆಯನ್ನು ಮೂರನೇ ದಿನ ಜ್ವರ ಇಳಿಯಿತು ಅಂತ ನಿಲ್ಲಿಸಬಾರದು. ಕೋರ್ಸ್ ಮುಗಿಸಲೇಬೇಕು. ಕಾಯಿನ್ ಹಾಕಿ ತುಂಬಿಸಿ ತಂದ ನೀರು ಒಳ್ಳೆಯದೇ ಇರುತ್ತದೆ, ಆದರೆ ಕ್ಯಾನನ್ನು ತಿಂಗಳುಗಟ್ಟಲೆ ತೊಳೆಯದೆ ಇಟ್ಟರೆ ಏನು ಪ್ರಯೋಜನ?

ಕಡಲೆಕಾಯಿ

ಪಾವಗಡ, ಶಿರಾ, ಮಧುಗಿರಿ, ಚಿಂತಾಮಣಿ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ಕಡಲೆಕಾಯಿ ಒಳ್ಳೆಯ ಆಹಾರ. ಕಡಲೆಕಾಯಿ, ಬಾದಾಮಿಯಂಥವನ್ನು ಆಗಾಗ ತಿನ್ನುವ ಹೆಂಗಸರಿಗೆ ಪಿತ್ತಕೋಶದ ಆಪರೇಷನ್ ಬೇಕಾಗುವುದು ಕಡಿಮೆ ಎಂದು ಅಮೆರಿಕದಲ್ಲಿ ಕಂಡಿದ್ದಾರೆ. ತೊಂದರೆ ಇರುವುದು ಬೂಷ್ಟು ಹಿಡಿದ ಕಾಯಿಯಲ್ಲಿ. ಆ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉಗುಳುತ್ತದೆ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾದ ವಿಷಯ. ಪಿತ್ತಕೋಶದ ಕ್ಯಾನ್ಸರ್ ಬಹಳ ಇರುವ ಚಿಲಿ ದೇಶದಲ್ಲಿ, ಆ ಕ್ಯಾನ್ಸರ್ ಬಂದವರ ರಕ್ತದಲ್ಲಿ ಈ ವಿಷದ ಗುರುತು ಉಳಿದವರಿಗಿಂತ ಹೆಚ್ಚು ಸಿಕ್ಕಿದೆ ಎಂದು 2015ರಲ್ಲಿ ವರದಿಯಾಯಿತು. ಲಿವರ್‌ನಷ್ಟು ಗಟ್ಟಿ ಪುರಾವೆ ಇದಕ್ಕೆ ಇನ್ನೂ ಬಂದಿಲ್ಲ. ಆದರೂ ಬೂಷ್ಟು ಕಾಯಿಯನ್ನು ಬಿಸಾಡಲು ಲಿವರಿನ ಕಾರಣ ಒಂದೇ ಸಾಕು.

ನಮ್ಮ ಕಡೆ ಇದಕ್ಕೆ ಬೇಕಾದ ಹವಾಮಾನವೇ ಇದೆ. ಕಾಯಿ ಬಲಿಯುವಾಗ ಮಳೆ ಕೈಕೊಡುತ್ತದೆ, ಬಿಡಿಸಿ ಗುಡ್ಡೆ ಹಾಕಿದಾಗ ಸುರಿಯುತ್ತದೆ. ಒದ್ದೆ ಕಾಯಿಯನ್ನು ಚೀಲಕ್ಕೆ ತುಂಬಿದರೆ ಮುಗಿಯಿತು. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಅಲ್ಲಿಯ ತನಕ ಒಣಗಿಸಬೇಕು ಎಂದು ಹಳಬರು ಹೇಳುತ್ತಿದ್ದುದು ಸರಿ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಹಸಿರು ಹಳದಿ ಪುಡಿ ಮೆತ್ತಿದ, ಕಹಿಯಾದ ಬೀಜ ಬಾಯಿಗೆ ಹಾಕಬಾರದು. ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಯಿ ವೇಸ್ಟ್ ಆಗದಿರಲಿ ಅಂತ ಗಾಣಕ್ಕೆ ಹಾಕಿಸುವುದಂತೂ ಬೇಡವೇ ಬೇಡ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲವಲ್ಲ, ವಿಷ ಎಣ್ಣೆಯ ಜೊತೆಗೇ ಇಳಿಯುತ್ತದೆ. ಹಿಂಡಿಯಲ್ಲಿ ಇನ್ನೂ ಜಾಸ್ತಿ ಉಳಿಯುತ್ತದೆ. ಅದನ್ನು ಹಸು ತಿಂದರೆ ಹಾಲಿಗೂ ಬರುತ್ತದೆ.

ಬೀಡಿ ಸಿಗರೇಟು ಸೇದುವವರಿಗೆ ಪಿತ್ತನಾಳದ ಕ್ಯಾನ್ಸರ್ ಸ್ವಲ್ಪ ಮಟ್ಟಿಗೆ ಜಾಸ್ತಿ. ಶ್ವಾಸಕೋಶದ ಲೆಕ್ಕಕ್ಕೆ ಹೋಲಿಸಿದರೆ ಇದು ಚಿಕ್ಕದು, ಆದರೆ ಇದೆ. ಕುಡಿತ ಜಾಸ್ತಿಯಾದರೆ ಲಿವರ್ ಗಡುಸಾಗಿ, ಒಳಗಿನ ನಾಳಗಳಿಗೆ ಅಪಾಯ ಬರುತ್ತದೆ. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುವ ಸೋಂಕು. ಮಗು ಹುಟ್ಟಿದ 24 ಗಂಟೆಯೊಳಗೆ ಅದರ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ವಾಸಿ ಮಾಡುವ ಮಾತ್ರೆ ಇದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದೂ ಉಚಿತ. ಥಾಯ್ಲೆಂಡಿನಲ್ಲಿ ಹಸಿ ಮೀನು ತಿಂದು ಬರುವ ಹುಳುವಿನಿಂದ ಪಿತ್ತನಾಳದ ಕ್ಯಾನ್ಸರ್ ಆಗುತ್ತದೆ ಎಂದು ಓದಿ ಮೀನು ಬಿಟ್ಟವರಿದ್ದಾರೆ. ಅದು ಹಸಿಯಾಗಿ ತಿನ್ನುವವರ ತೊಂದರೆ. ಚೆನ್ನಾಗಿ ಬೇಯಿಸಿದ ಕೆರೆ ಮೀನಿನ ಸಾರಿಗೆ ಹೆದರಬೇಕಿಲ್ಲ.

ಗ್ಯಾಸ್ಟ್ರಿಕ್ ಮತ್ತು ನಾಟಿ ಔಷಧಿ

ನಮ್ಮಲ್ಲಿ ಹೊಟ್ಟೆಯ ಮೇಲ್ಭಾಗದ ನೋವಿಗೆಲ್ಲ ಹೆಸರು ಒಂದೇ, ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿನಲ್ಲಿ ಒಂದು ಮಾತ್ರೆ, ಮನೆಯಲ್ಲಿ ಒಂದು ಲೋಟ ಜೀರಿಗೆ ನೀರು. ಪಿತ್ತಕೋಶದ ನೋವಿಗೆ ಒಂದು ಚಹರೆ ಇದೆ. ಅದು ಬಲಗಡೆ ಪಕ್ಕೆಯ ಕೆಳಗೆ ಅಥವಾ ನಡುಹೊಟ್ಟೆಯ ಮೇಲೆ ಬರುತ್ತದೆ. ಎಣ್ಣೆ ತಿಂಡಿಯೋ, ಬಾಡೂಟವೋ ಆದ ಮೇಲೆ, ಹೆಚ್ಚಾಗಿ ರಾತ್ರಿ. ಬೆನ್ನಿಗೋ ಬಲ ಭುಜಕ್ಕೋ ಹಬ್ಬುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಹೋಗುತ್ತದೆ. ಹೀಗೆ ಎರಡು ಸಲ ಬಂದರೆ ಸುಮ್ನೆ ಮಾತ್ರೆ ನುಂಗುತ್ತಾ ಕೂರಬೇಡಿ. ಒಂದು ಅಲ್ಟ್ರಾಸೌಂಡ್ ಮಾಡಿಸಿ. ನೋವು ಕೊಡುವ ಕಲ್ಲಿದ್ದರೆ ಪಿತ್ತಕೋಶ ತೆಗೆಸುವುದೇ ಸರಿಯಾದ ದಾರಿ. ಅದಿಲ್ಲದೆ ಬದುಕಬಹುದು, ಲಿವರ್ ರಸ ತಯಾರಿಸುತ್ತಲೇ ಇರುತ್ತದೆ.

ಕಾಮಾಲೆಯ ವಿಷಯ ಇನ್ನೂ ಗಂಭೀರ. ಕಣ್ಣು ಹಳದಿಯಾದರೆ ನಾವು ಮೊದಲು ಹುಡುಕುವುದು ನಾಟಿ ಔಷಧಿ ಕೊಡುವವರನ್ನು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸೊಪ್ಪಿನ ರಸ, ಆಮೇಲೆ ಉಪ್ಪು ಎಣ್ಣೆ ಬಿಟ್ಟ ಪಥ್ಯ. ಬಹಳ ಜನಕ್ಕೆ ವಾಸಿಯೂ ಆಗುತ್ತದೆ. ಯಾಕೆಂದರೆ ಸಾಮಾನ್ಯವಾಗಿ ಬರುವ ಕಾಮಾಲೆ ನೀರಿನಿಂದ ಹರಡುವ ವೈರಸ್‌ನದ್ದು, ಅದು ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆ ಹಾಗಲ್ಲ. ಕಲ್ಲೋ ಗಡ್ಡೆಯೋ ದಾರಿಗೆ ಅಡ್ಡ ಕೂತಿರುತ್ತದೆ, ಯಾವ ಸೊಪ್ಪಿಗೂ ಅದು ಸರಿಯುವುದಿಲ್ಲ. ಈ ಕಾಮಾಲೆಯಲ್ಲಿ ಮೈಯೆಲ್ಲ ತುರಿಕೆ, ಮೂತ್ರ ಕಡು ಕಂದು, ಮಲ ಮಾತ್ರ ಬಿಳಿಚಿಕೊಂಡು ಜೇಡಿಮಣ್ಣಿನ ಬಣ್ಣ. ಜ್ವರ, ನೋವು ಎರಡೂ ಇಲ್ಲದಿರಬಹುದು. ನೋವಿಲ್ಲವಲ್ಲ ಅಂತ ಪಥ್ಯ ಮಾಡುತ್ತಾ ಒಂದೂವರೆ ತಿಂಗಳು ಕಳೆದುಬಿಟ್ಟರೆ, ಆಪರೇಷನ್ನಿಗೆ ಸಿಗಬೇಕಾದ ಗಡ್ಡೆ ಕೈತಪ್ಪಿ ಹೋಗಬಹುದು. ನಾಟಿ ಔಷಧಿ ಕೊಡುವವರ ಮೇಲೆ ನಿಮಗೆ ನಂಬಿಕೆ ಇರಲಿ, ಆದರೆ ಅವರ ಬಾಗಿಲಿಗೆ ಹೋಗುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ಲಿವರ್ ರಕ್ತಪರೀಕ್ಷೆ ಮತ್ತು ಒಂದು ಸ್ಕ್ಯಾನಿಂಗ್ ಆಗಿರಲಿ. ನಾಳ ಹಿಗ್ಗಿದೆಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕ್ಯಾನ್ಸರ್ ಅನುಮಾನ ಬಂದರೆ ಇಲ್ಲಿಯವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ದೂರವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಹೊರಡುವ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಕಲ್ಲಿಗೆ ಅಂತ ಪಿತ್ತಕೋಶ ತೆಗೆಸಿಕೊಂಡವರು, ತೆಗೆಸಿಕೊಳ್ಳಲು ಹೊರಟವರು ಒಂದು ಮಾತು ಮರೆಯಬಾರದು. ತೆಗೆದ ಚೀಲವನ್ನು ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡುವ ಪರೀಕ್ಷೆಗೆ, ಕಳಿಸಬೇಕು. ಡಬ್ಬಿಯಲ್ಲಿ ಕಲ್ಲು ಹಾಕಿಕೊಟ್ಟರು ಅಂತ ಖುಷಿಯಿಂದ ಮನೆಗೆ ತಂದು ನೆಂಟರಿಗೆಲ್ಲ ತೋರಿಸುತ್ತೇವೆ, ಬಯಾಪ್ಸಿ ರಿಪೋರ್ಟ್ ತರಲು ಹೋಗುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣದ ಸಣ್ಣ ಕ್ಯಾನ್ಸರ್ ಕೆಲವರಲ್ಲಿ ಈ ರಿಪೋರ್ಟಿನಲ್ಲೇ ಮೊದಲ ಸಲ ಗೊತ್ತಾಗುತ್ತದೆ. ಅದು ಒಳಪದರದಲ್ಲೇ ನಿಂತಿದ್ದರೆ ಆಗಿರುವ ಆಪರೇಷನ್ನೇ ಸಾಕು. ಪದರ ದಾಟಿ ಗೋಡೆಯ ಮಾಂಸದ ಭಾಗಕ್ಕೆ ಇಳಿದಿದ್ದರೆ ಇನ್ನೊಂದು ಆಪರೇಷನ್ ಬೇಕಾಗಬಹುದು, ಅದನ್ನು ಕೆಲವೇ ವಾರಗಳಲ್ಲಿ ಮಾಡಬೇಕು. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಬಯಾಪ್ಸಿ ರಿಪೋರ್ಟ್ ಕೇಳಿ, ಬಂದಿಲ್ಲವೆಂದರೆ ಯಾವಾಗ ಬರುತ್ತದೆ ಎಂದು ದಿನಾಂಕ ಬರೆಸಿಕೊಳ್ಳಿ.